ತೊಟ್ಟಿಲ ಕುಂಚಿಗೆ ಮತ್ತು ಎದುರುಮನೆ ವೈನಿ

ಸೂಜಿ ಹಿಡಿದವರ ಬದುಕಿನಲ್ಲಿ ಬೆರಳಿಗೆ ಚುಚ್ಚಿಕೊಳ್ಳುವುದು ಎಷ್ಟು ಸಹಜವೋ, ನಾಲ್ಕು ಮಂದಿಯ ನಡುವೆ ನಗೆಪಾಟಲಾಗುವುದೂ ಅಷ್ಟೇ ಸಹಜ. ಬೆರಳಿಗಾದರೆ ತೊಡಲು ಅಂಗುಸ್ತಾನ ಅಂತ ಒಂದು ತಗಡಿನ ಟೋಪಿ ಸಿಗುತ್ತದೆ. ಹೊಟ್ಟೆಯೊಳಗೆ ಚುಚ್ಚುವ ಕಿಚ್ಚಿಗೆ ಮಾತ್ರ ಯಾವ ಫ್ಯಾನ್ಸಿ ಅಂಗಡಿಯಲ್ಲೂ ಅಂಗುಸ್ತಾನ ಸಿಗುವುದಿಲ್ಲ. ನಾನು ಎಲ್ಲ ಕಡೆ ಕೇಳಿ ನೋಡಿದ್ದೇನೆ.

ನನ್ನ ಮನೆ ಬಸವನ ಬಾಗೇವಾಡಿಯಲ್ಲಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಚೀಲ ಹೆಗಲಿಗೆ ಹಾಕಿ ಕೆಂಪು ಬಸ್ಸು ಹತ್ತುವವಳು. ವಾರಕ್ಕೊಂದೊಂದು ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಹೆಣ್ಣುಮಕ್ಕಳಿಗೆ ಕೈಹೊಲಿಗೆ ಕಲಿಸುತ್ತೇನೆ. ರೇಷ್ಮೆ, ಬಂಗಾರದ ಜರಿ ನಮ್ಮ ಪಾಠದಲ್ಲಿ ಇಲ್ಲ. ಉಲನ್ ದಾರ, ಪ್ಲಾಸ್ಟಿಕ್ ಮುತ್ತು, ಕನ್ನಡಿ ಬಿಲ್ಲೆ, ಅಗ್ಗದ ಲೇಸು, ಇಷ್ಟರಲ್ಲೇ ಶಿವ ಮೆಚ್ಚುವಂಥದ್ದು ಮಾಡಬೇಕು.

ಈ ಪ್ರಸಂಗಗಳೆಲ್ಲ ಒಂದು ಕುಂಚಿಗೆಯ ಸುತ್ತ ನಡೆದವು. ಕುಂಚಿಗೆ ಅಂದರೆ ಎಳೆಗೂಸಿಗೆ ತಲೆಯಿಂದ ಬೆನ್ನ ಮೇಲೆ ಇಳಿಬಿಡುವ ಟೋಪಿಯಂಥ ಹೊದಿಕೆ. ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ತಿಂಗಳಿಡೀ ಪುರಾಣ. ಕಥೆ ಬಸವಣ್ಣ ಹುಟ್ಟಿದ ಘಟ್ಟಕ್ಕೆ ಬಂದ ಸಂಜೆ ತೊಟ್ಟಿಲು ಕಟ್ಟಿ, ಓಣಿಯ ಒಂದು ಎಳೆಗೂಸಿಗೆ ಹೊಸ ಕುಂಚಿಗೆ ತೊಡಿಸಿ, ಬಾಲಬಸವ ಅಂತ ಮಲಗಿಸಿ ತೂಗುತ್ತಾರೆ. ಹೆಂಗಸರೆಲ್ಲ ಒಂದೊಂದು ಕುಂಚಿಗೆ ಹೊಲಿದು ತರುತ್ತಾರೆ. ಜೋಗುಳ ಹೇಳುವ ಅಜ್ಜಿ ಒಂದನ್ನು ಆರಿಸುತ್ತಾಳೆ.

ಹೋದ ವರ್ಷ ಆರಿಸಿದ್ದು ಎದುರುಮನೆ ವೈನಿಯದು; ವೈನಿ ಅಂದರೆ ಅತ್ತಿಗೆ, ನಮ್ಮ ಕಡೆ ನೆರೆಯವರನ್ನೂ ಹಾಗೇ ಕರೆಯುವುದು. ಅದರ ಹಿಂದಿನ ವರ್ಷವೂ ಅವರದೇ. ವೈನಿ ನನ್ನ ಹತ್ತಿರ ಒಂದು ದಿನ ಕಲಿತವರಲ್ಲ. ಫೋನಿನಲ್ಲಿ ನೋಡಿ ಕಲಿತವರು. ಮೂರು ಊರಿಗೆ ಕಲಿಸುವವಳ ಕುಂಚಿಗೆ ಬುಟ್ಟಿಯಲ್ಲೇ ಉಳಿಯಿತು. ಎಲ್ಲರೂ ಕಣ್ಣು ಮುಚ್ಚಿ ತೊಟ್ಟಿಲು ತೂಗುವಾಗ ನಾನು ಕಣ್ಣು ಬಿಟ್ಟು ವೈನಿಯ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗಲಿಲ್ಲ. ಅದೇ ದೊಡ್ಡ ಸಂಕಟ.

ಹಾಗಾಗಿ ಈ ವರ್ಷ ಪೂಜೆಯಲ್ಲಿ ದಿನಾ ಒಂದೇ ಬೇಡಿಕೆ: "ತಂದೆ, ನನಗೆ ಏನೂ ಬೇಡ. ನನ್ನ ಕುಂಚಿಗೆ ತೊಡು, ಸಾಕು."

ಎರಡು ಬಾಲದ ಗಿಳಿ

ಕುಂಚಿಗೆಯ ಬೆನ್ನಿಗೆ ಒಂದು ಗಿಳಿ ಬೇಕು ಅಂತ ಮೊದಲು ಇಂಡಿಯ ತರಗತಿಯಲ್ಲಿ ನಮೂನೆ ತೋರಿಸಿದೆ. ಹಸಿರು ಉಲನ್ನಿನ ಗಿಳಿ, ಕೆಂಪು ಮುತ್ತಿನ ಕಣ್ಣು.

ಅಲ್ಲಿ ಒಂದೇ ಮನೆಯ ನೆಗೆಣ್ಣಿಯರಿಬ್ಬರು ಬರುತ್ತಾರೆ. ಮನೆ ಒಂದೇ, ನಿಂಬೆತೋಟ ಒಂದೇ, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ ಅನ್ನುವುದೂ ಒಂದೇ. ನಾನು ದೊಡ್ಡಾಕೆಗೆ ಹಸಿರು ದಾರ ಕೊಟ್ಟರೆ ಸಣ್ಣಾಕೆ ಕೈ ಚಾಚಿ, "ಅಕ್ಕಾರ, ಆಕಿಗಿ ಎಷ್ಟ ಉದ್ದ ಕೊಟ್ಟೀರಿ, ನನಗೂ ಅಷ್ಟ ಕೊಡ್ರಿ" ಅನ್ನುತ್ತಾಳೆ. ಕೊಟ್ಟಿದ್ದನ್ನು ಇಬ್ಬರೂ ಪಕ್ಕಪಕ್ಕ ಹಿಡಿದು ಅಳೆಯುತ್ತಾರೆ.

ಸಣ್ಣಾಕೆ ನನ್ನ ನಮೂನೆ ನೋಡುವುದೇ ಇಲ್ಲ. ದೊಡ್ಡಾಕೆ ಎಲ್ಲಿ ಸೂಜಿ ಹಾಕಿದಳೋ ಅಲ್ಲೇ ತಾನೂ ಹಾಕುವುದು. ದೊಡ್ಡಾಕೆಗೆ ರೋಸಿಹೋಯಿತು. ಒಂದು ದಿನ ಬೇಕಂತಲೇ ಗಿಳಿಗೆ ಎರಡನೆಯ ಬಾಲ ಹೊಲಿದಳು. ಸಣ್ಣಾಕೆಯೂ ತಪ್ಪದೆ ಹೊಲಿದಳು. ಆಗ ದೊಡ್ಡಾಕೆ ಚಪ್ಪಾಳೆ ತಟ್ಟಿ, "ನೋಡ್ರೆವಾ, ಈಕಿ ಗಿಣಿಗಿ ಎರಡ ಬಾಲ!" ಅಂದಳು.

ಎಲ್ಲರೂ ಬಂದು ನೋಡಿದರು. ಬಗ್ಗಿ ನೋಡಿದರು. ಯಾರೂ ನಗಲಿಲ್ಲ.

"ಯವ್ವಾ, ಭಾಳ ಛಂದ ಕಾಣತೈತಿ. ಬಾಲ ಜೋಡಿ ಇದ್ದರ ತುಂಬಿದಂಗ ಕಾಣತೈತಿ."

"ಇದ ಈಗಿನ ನಮೂನಿ ಇರಬೇಕು."

ಸಣ್ಣಾಕೆ ಸೆರಗು ಸರಿಮಾಡಿಕೊಂಡು, "ಹೌದು, ನಾನ ತೆಗದಿದ್ದು" ಅಂದಳು. ದೊಡ್ಡಾಕೆಯ ಮುಖ ನಿಂಬೆಹಣ್ಣು ಹಿಂಡಿದಂತಾಯಿತು. "ನೀ ತೆಗದ್ಯಾ? ಬಾಲ ನಂದು!" ಅಂತ ಜಗಳಕ್ಕೆ ನಿಂತಳು. ತಪ್ಪು ನನ್ನದು, ನನ್ನದು ಅಂತ ಇಬ್ಬರು ಕಿತ್ತಾಡಿದ್ದನ್ನು ನಾನು ಅಲ್ಲೇ ಮೊದಲು ಕಂಡದ್ದು.

ಮರುವಾರ ಹೋದರೆ ಇಡೀ ತರಗತಿಯ ಗಿಳಿಗಳಿಗೆ ಎರಡೆರಡು ಬಾಲ. ನಾನು ತಾಳ್ಮೆಯಿಂದ ನನ್ನ ನಮೂನೆಯನ್ನು ಮತ್ತೆ ಎತ್ತಿ ತೋರಿಸಿದೆ. ಹಿಂದಿನ ಸಾಲಿನಿಂದ ಒಬ್ಬಾಕೆ ಮರುಕಪಟ್ಟು ಹೇಳಿದಳು:

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಗಿಣಿಗಿ ಒಂದ ಬಾಲ ಕಮ್ಮಿ ಬಿದ್ದೈತ್ರಿ."

ಹಿಂದೆ ಗಂಟಿರಬಾರದು

ಕಸೂತಿಯ ದೊಡ್ಡ ನೇಮವೆಂದರೆ ಬಟ್ಟೆಯ ಹಿಂಬದಿಯಲ್ಲಿ ಗಂಟು ಕಾಣಬಾರದು. ಮುಂದೆ ಹೇಗೋ ಹಿಂದೆಯೂ ಹಾಗೇ. ಸಿಂದಗಿಯಲ್ಲಿ ಇದನ್ನು ಹೇಳುವಾಗ ನಾನು ಸ್ವಲ್ಪ ಪುರಾಣವನ್ನೂ ಸೇರಿಸುತ್ತೇನೆ: "ಭಕ್ತಿನೂ ಹಿಂಗ ಇರಬೇಕವಾ. ಒಳಗೊಂದು ಹೊರಗೊಂದು ಇರಬಾರದು." ಹೇಳುವಾಗ ಎದುರುಮನೆ ವೈನಿಯ ನೆನಪಾಗಿ ನನ್ನ ಒಳಗೆ ಒಂದು ಗಂಟು ಬೀಳುತ್ತದೆ. ಅದು ಬೇರೆ ಮಾತು.

ಯಂಕಂಚಿಯಿಂದ ಒಬ್ಬ ಸೊಸೆ ಬರುತ್ತಿದ್ದಳು. ಮೂರನೆಯ ವಾರ ಅವಳ ಹಿಂದೆ ಅತ್ತೆಯೂ ಬಂದರು. "ಏನ್ರೀ ಬಂದ್ರಿ?" ಅಂದೆ.

"ಈಕಿ ಊರಾಗೆಲ್ಲ ಹೊಗಳಿಸಿಕೊಳ್ಳಾಕತ್ತಾಳ್ರಿ. ನಾ ಏನ್ ಕಮ್ಮಿ ಅದೇನಿ?"

ಅತ್ತೆಯ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸುವುದಕ್ಕೆ ಸೊಸೆಯೇ ಬೇಕು. ಪೋಣಿಸಿ ಕೊಟ್ಟ ಮೇಲೆ, "ಆತು, ನಿಂದ ನೀ ನೋಡ್ಕೋ" ಅಂತ ಗದರಿಸುವುದು. ಆಮೇಲೆ ಸೊಸೆಯ ಮೈಗೆ ಒತ್ತಿ ಕೂತು, ಅವಳ ತೊಡೆಯ ಮೇಲೆ ಇಣುಕಿ ನೋಡಿ, ತಮ್ಮ ತೊಡೆಯ ಮೇಲೆ ಹೊಲಿಯುವುದು. ಅವಳು ಒಂದು ಸಾಲು ಮುಗಿಸಿದರೆ ಇವರು ಹಲ್ಲು ಕಚ್ಚಿ ಎರಡು ಸಾಲು.

ಅಂದು ಬಸ್ಸಿನ ಹೊತ್ತಾಯಿತು ಅಂತ ಸೊಸೆ ಎದ್ದಳು. ಏಳಲಾಗಲಿಲ್ಲ.

"ಬಿಡ್ರಿ ಅತ್ತಿ, ಬಸ್ಸ ಹೋಗತೈತಿ."

"ನಾ ಎಲ್ಲಿ ಹಿಡದೇನಿ? ನೀನ ಬಿಡು!"

ಇಬ್ಬರೂ ಜಗ್ಗಿದರು. ನೋಡಿದರೆ ಅತ್ತೆ ಇಣುಕಿ ಇಣುಕಿ ತಮ್ಮ ಬಟ್ಟೆಯ ಜೊತೆಗೆ ಸೊಸೆಯ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದಾರೆ! ಗೋಪುರದ ನಮೂನೆ. ಶಿಖರ ಅತ್ತೆಯ ಬಟ್ಟೆಯಲ್ಲಿ, ಬುಡ ಸೊಸೆಯ ಸೀರೆಯಲ್ಲಿ.

ಸೊಸೆ ತಲೆ ಮೇಲೆ ಕೈ ಹೊತ್ತು, "ಮದಿವ್ಯಾಗ ನಿಮ್ಮ ಮಗ ಗಂಟ ಹಾಕಿದ್ರು, ಈಗ ನೀವು ಹಾಕಿದ್ರಿ" ಅಂದಳು.

ಅತ್ತೆಗೆ ಆ ಮಾತು ತಡೆಯಲಿಲ್ಲ. ಜಂಟಿಯಾದ ಬಟ್ಟೆಯನ್ನು ಮಗುಚಿ ನನ್ನ ಮುಖದ ಮುಂದೆ ಹಿಡಿದರು. "ಎಲ್ಲೈತಿ ಗಂಟು? ಅಕ್ಕಾರ, ನೀವ ಹೇಳ್ರಿ, ಹಿಂದ ಒಂದರ ಗಂಟ ಐತಿ?"

ನಿಜವಾಗಿಯೂ ಇರಲಿಲ್ಲ. ನನ್ನ ಹೊಲಿಗೆಯಲ್ಲೂ ಅಷ್ಟು ನಯ ಬರುವುದಿಲ್ಲವಲ್ಲ ಅಂತ ಒಂದು ಕ್ಷಣ ನನಗೂ ಉರಿಯಿತು. ಆದರೂ ಕತ್ತರಿ ತೆಗೆದುಕೊಂಡೆ. ಅತ್ತೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು:

"ಶಿವಶಿವಾ! ನನ್ನ ಹೊಲಿಗಿಗಿ ಕತ್ತರಿ ಹಚ್ಚಬ್ಯಾಡ್ರಿ! ಆಕಿ ಸೀರಿ ಕತ್ತರಸ್ರಿ!"

ನೆಪಕ್ಕೆ ಕೊಂಡ ಸಾಮಾನು

ಬಾಗೇವಾಡಿಯ ಫ್ಯಾನ್ಸಿ ಅಂಗಡಿಯಲ್ಲಿ ನಾನು ಒಂದು ಗುಂಡಿ ಕೊಂಡರೂ ವೈನಿಗೆ ಸುದ್ದಿ ಹೋಗುತ್ತದೆ. ಆದ್ದರಿಂದ ಕುಂಚಿಗೆಯ ಅಂಚಿಗೆ ಬೇಕಾದ ಕೇಸರಿ ಲೇಸನ್ನು ಮುದ್ದೇಬಿಹಾಳದಲ್ಲಿ ಕೊಳ್ಳಬೇಕೆಂದು ಠರಾಯಿಸಿದೆ. ತರಗತಿ ಮುಗಿಸಿ ಅಂಗಡಿಯ ಮೆಟ್ಟಿಲು ಹತ್ತಿದರೆ, ಕೌಂಟರಿನ ಮುಂದೆ ಕೇಸರಿ ಲೇಸಿನ ಸುರುಳಿ ಹಿಡಿದುಕೊಂಡು ನಿಂತವರು ಯಾರು? ವೈನಿ.

ನನ್ನನ್ನು ಕಂಡ ಕೂಡಲೇ ಸುರುಳಿ ಕೆಳಗಿಟ್ಟರು. ನಾನು ಆ ಕಡೆ ನೋಡಲೇ ಇಲ್ಲ ಅನ್ನುವಂತೆ ಛಾವಣಿ ನೋಡಿದೆ.

"ಅಯ್ಯ ಅಕ್ಕಾರ! ನೀವೇನ್ ಇಲ್ಲಿ?"

"ಇಲ್ಲೇ ಬಂದಿದ್ದೆ ವೈನಿ, ಸುಮ್ಮ ಹಂಗ. ನೀವು?"

"ನಾನೂ ಸುಮ್ಮ ಹಂಗ."

ಇಬ್ಬರೂ ಸುಮ್ಮನೆ ಹಾಗೇ ನಿಂತೆವು. ಅವರು ಹೋಗಲಿ ಅಂತ ನಾನು, ನಾನು ಹೋಗಲಿ ಅಂತ ಅವರು. ಅಂಗಡಿಯವನು ಪಾಪ, ಎಷ್ಟು ಹೊತ್ತು ನೋಡುತ್ತಾನೆ? "ಏನ್ ಕೊಡ್ಲಿರಿ?" ಅಂದ.

ವೈನಿ ಕೈಗೆ ಸಿಕ್ಕಿದ್ದನ್ನು ತೋರಿಸಿ, "ಆ ಐಸ್ಕ್ರೀಮ್ ಕಡ್ಡಿ ಕೊಡ್ರಿ" ಅಂದರು. ನಾನು ಕಡಿಮೆಯೇ? "ನನಗ ಆ ಥರ್ಮಾಕೋಲ್ ಕಾಳು ಕೊಡ್ರಿ" ಅಂದೆ. ಬೊಂಬೆಯ ಹೊಟ್ಟೆಗೆ ತುಂಬುವ ಬಿಳಿಯ ಸಣ್ಣ ಸಣ್ಣ ಗುಂಡು. ಕುಂಚಿಗೆಗೆ ಅವುಗಳ ಕೆಲಸವೇನು, ಶಿವನೇ ಬಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ಬೇಡದ ಸಾಮಾನನ್ನು ಎದೆಗೆ ಅವುಚಿಕೊಂಡು, ದಾರಿಯುದ್ದ ಪುರಾಣದ ಮಾತಾಡುತ್ತ ಬಂದೆವು.

ಎರಡು ದಿನ ಬಿಟ್ಟು ನೋಡುತ್ತೇನೆ, ವೈನಿಯ ಬಾಗಿಲಲ್ಲಿ ಐಸ್ಕ್ರೀಮ್ ಕಡ್ಡಿಯ ದೀಪದ ಗೂಡು! ಸುತ್ತ ಬಣ್ಣದ ದಾರದ ಹೆಣಿಗೆ, ಮೇಲೆ ಮುತ್ತಿನ ಕಳಸ. ಓಣಿಯೆಲ್ಲ ಹೊಗಳುತ್ತಿದೆ. ನೆಪಕ್ಕೆ ಕೊಂಡ ಕಡ್ಡಿಯನ್ನೂ ಛಲೋ ಮಾಡಿದರಲ್ಲ! ಅದನ್ನು ನೋಡುತ್ತಾ ಬಾಗಿಲಲ್ಲಿ ನಿಂತಾಗಲೇ ಒಳಗಿನಿಂದ ನಮ್ಮನೆಯವರು ಕರೆದರು. ಅಂದು ಶ್ರಾವಣ ಸೋಮವಾರ, ನನ್ನ ಉಪವಾಸ. ಹೆಂಡತಿಗೆ ಸಬ್ಬಕ್ಕಿಯ ಫರಾಳ, ಅಂದರೆ ಉಪವಾಸದ ತಿಂಡಿ, ಮಾಡಿಕೊಟ್ಟು ಸಹಾಯ ಮಾಡೋಣ ಅಂತ ಅವರೇ ಅಡುಗೆಮನೆ ಹೊಕ್ಕಿದ್ದರು.

"ಏನ, ಈ ಸಾಬೂದಾಣಿ ಎಲ್ಲಿ ತಂದಿ? ಮುಂಜಾನಿಂದ ನೆನಿ ಹಾಕೇನಿ, ಬರೇ ಮ್ಯಾಲ ತೇಲಾಕತ್ತಾವು!"

ಓಡಿ ಹೋಗಿ ನೋಡಿದೆ. ನನ್ನ ಥರ್ಮಾಕೋಲು ಪಾತೇಲಿಯ ತುಂಬ ನೀರಲ್ಲಿ ಕುಣಿಯುತ್ತಿದೆ. ಅವರು ಮುಳುಗಿಸಲು ತಾಟು ಮುಚ್ಚಿ, ಮೇಲೆ ಒರಳಿನ ಗುಂಡಕಲ್ಲು ಹೇರಿದ್ದರು. ಅಷ್ಟರಲ್ಲಿ ವೈನಿ ಒಂದು ದೀಪದ ಗೂಡು ನಮಗೂ ಕೊಡಲೆಂದು ಒಳಗೇ ಬಂದರು. ಪಾತೇಲಿ ನೋಡಿದರು, ನನ್ನನ್ನು ನೋಡಿದರು.

"ಅಕ್ಕಾರ, ಕುಂಚಿಗಿಗಿ ಅಂತ ತಿಳದಿದ್ದೆ. ಫರಾಳಕ್ಕ ಏನ್ರೀ?"

ಗುಟ್ಟು

ಕುಂಚಿಗೆ ಹೊಲಿಯುವ ಸುದ್ದಿ ಹೊರಗೆ ಹೋಗಬಾರದು ಅಂತ ನಮ್ಮನೆಯವರಿಗೆ ಆಣೆ ಹಾಕಿಸಿದ್ದೆ. ಅವರು ಮಾತಿಗೆ ತಪ್ಪುವವರಲ್ಲ. ಚಹಾದಂಗಡಿಯಲ್ಲಿ ಯಾರೂ ಕೇಳದಿದ್ದರೂ ಸಿಕ್ಕವರಿಗೆಲ್ಲ ಹೇಳಿಬಂದರಂತೆ: "ನಮ್ಮಾಕಿ ಕುಂಚಿಗಿ ಏನೂ ಹೊಲ್ಯಾಕತ್ತಿಲ್ರಿ."

ಇನ್ನು ಅಳತೆಯ ಫಜೀತಿ. ಓಣಿಯ ಕೂಸಿನ ತಲೆ ಅಳೆದರೆ ಗುಟ್ಟು ರಟ್ಟು. ಹಾಗಾಗಿ ಒಂದು ತೆಂಗಿನಕಾಯಿಯನ್ನೇ ಕೂಸಿನ ತಲೆ ಅಂತ ಮಾಡಿಕೊಂಡು ಹೊಲಿಯುತ್ತಿದ್ದೆ. ಅರ್ಧ ಮುಗಿದಿತ್ತು, ಬೆಳಿಗ್ಗೆ ನೋಡಿದರೆ ತಲೆ ಇಲ್ಲ.

"ಇಲ್ಲಿದ್ದ ತಲಿ ಎಲ್ಲಿರೀ?"

"ಯಾ ತಲಿ? ಕಾಯಿ ಏನು? ದೇವರಿಗಿ ಒಡದೆ. ಭಾಳ ಛಲೋ ಕಾಯಿ, ನೀರೂ ಸಿಹಿ."

ದೇವರಿಗೆ ಹೋದದ್ದನ್ನು ಹೇಗೆ ಬೈಯುವುದು? ಇನ್ನೊಂದು ಕಾಯಿ ತಂದು ಉಳಿದರ್ಧ ಹೊಲಿದೆ. ಅದು ಮೊದಲಿನದಕ್ಕಿಂತ ಸಣ್ಣದು ಅಂತ ನನಗೆ ಹೊಳೆಯಲೇ ಇಲ್ಲ. ಹೋಲಿಸಿ ನೋಡಬಹುದಾಗಿದ್ದ ಮೊದಲ ಕಾಯಿಯ ಚಟ್ನಿಯನ್ನು ನಾವಾಗಲೇ ರೊಟ್ಟಿಯ ಜೊತೆ ತಿಂದಿದ್ದೆವು.

ತೊಟ್ಟಿಲು

ಆ ಸಂಜೆ ಬಂತು. ಗುಡಿಯ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಪೂಜಾರಿಯ ಮೊಮ್ಮಗು ಬಾಲಬಸವ. ಬುಟ್ಟಿಯ ತುಂಬ ಕುಂಚಿಗೆ. ಜೋಗುಳದ ಅಜ್ಜಿ ಒಂದೊಂದನ್ನೇ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದಳು. ನನ್ನ ಕೈಯಲ್ಲಿ ರುದ್ರಾಕ್ಷಿ, ಬಾಯಲ್ಲಿ ಶಿವನಾಮ, ಕಣ್ಣು ಮಾತ್ರ ಬುಟ್ಟಿಯಲ್ಲಿ.

ವೈನಿಯ ಕುಂಚಿಗೆ ಬಂತು. ಕೇಸರಿ ಲೇಸು ಹೇಗೋ ದೊರಕಿಸಿದ್ದರು! ಜೊತೆಗೆ ಬಂಗಾರ ಬಣ್ಣದ ಜಾಲರಿ, ಮುತ್ತಿನ ಗೊಂಚಲು. ಬೆನ್ನ ಮೇಲೆ ಗಿಳಿ. ಗಿಳಿಗೆ ಎರಡು ಬಾಲ.

"ಇದೇನ ಇದು, ಜೋಡಿ ಬಾಲ!" ಅಜ್ಜಿ ಅರಳಿದಳು.

"ಇಂಡಿ ಕಡೆ ನಮೂನಿರಿ" ಅಂದರು ವೈನಿ. "ಫೋನಿನ್ಯಾಗ ಬಂದಿತ್ತು."

ನನ್ನದೇ ತರಗತಿಯ ತಪ್ಪು ನನ್ನನ್ನು ಸೋಲಿಸಲು ಬಸ್ಸಿಲ್ಲದೆ ಬಾಗೇವಾಡಿಗೆ ಬಂದಿತ್ತು. ಆಮೇಲೆ ನನ್ನದರ ಸರದಿ. ಅಜ್ಜಿ ಗಿಳಿಯನ್ನು ಸವರಿ, ಟೋಪಿಯೊಳಗೆ ಕೈ ಹಾಕಿ ನೋಡಿ, ತಲೆ ಅಲ್ಲಾಡಿಸಿದಳು.

"ಹೊಲಿಗಿ ಘಟ್ಟಿ ಐತಿ. ಆದ್ರ ಬಾಯಿ ಸಣ್ಣದವಾ, ಕೂಸಿನ ತಲಿ ಹಿಡಿಸೂದಿಲ್ಲ. ಇರಲಿ, ಇದು ಗುಂಡಪ್ಪಗ ಬರೋಬರಿ ಆಗತೈತಿ."

ಗುಂಡಪ್ಪ ಅಂದರೆ ಒರಳಿನ ಗುಂಡಕಲ್ಲು. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಅಂತ ನಮ್ಮ ಕಡೆ ಅದಕ್ಕೂ ಬಟ್ಟೆ ತೊಡಿಸಿ, ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕಿ ತೆಗೆಯುತ್ತಾರೆ. ಅಂದರೆ ವೈನಿಯ ಕುಂಚಿಗೆ ಬಸವಣ್ಣನಿಗೆ, ನನ್ನದು ಕಲ್ಲಿಗೆ. ಕಣ್ಣಲ್ಲಿ ನೀರು ಬಂತು. ಪಕ್ಕದವಳು ಭಕ್ತಿಯ ನೀರು ಅಂತ ತಿಳಿದು ತಾನೂ ಕಣ್ಣೊರೆಸಿಕೊಂಡಳು.

ತೊಟ್ಟಿಲ ಆ ಕಡೆ ವೈನಿ, ಈ ಕಡೆ ನಾನು ನಿಂತೆವು. "ಗುಂಡಪ್ಪನ ತಗೋರಿ, ಬಸವಣ್ಣನ ಕೊಡ್ರಿ" ಅಂತ ಎಲ್ಲರೂ ಹಾಡಿದರು. ನಾನು ಗುಂಡಪ್ಪನನ್ನು ತೊಟ್ಟಿಲಲ್ಲಿ ಮಲಗಿಸಿದೆ. ಟೋಪಿ ಅಳತೆ ತೆಗೆದಂತೆ ಕೂತಿತ್ತು. ವೈನಿ ಬಸವಣ್ಣನಿಗೆ ಕುಂಚಿಗೆ ತೊಡಿಸಿದರು.

ತೊಡಿಸಿದ್ದೇ ತಡ, ಬಸವಣ್ಣ ಕಿಟಾರನೆ ಕಿರುಚಿದ! ಬಂಗಾರ ಬಣ್ಣದ ಜಾಲರಿ ಕುತ್ತಿಗೆಗೆ ಚುಚ್ಚಿತ್ತು. ಕೈಕಾಲು ಬಡಿದು, ಮುತ್ತಿನ ಗೊಂಚಲು ಜಗ್ಗಿ ಕಿತ್ತು, ಬಾಯಿಗೆ ಒಯ್ದ. ಅಜ್ಜಿ ಬೆರಳು ಹಾಕಿ ಮುತ್ತು ತೆಗೆದು, ಕುಂಚಿಗೆ ಬಿಚ್ಚಿ ಬೀಸಾಡಿ, ಕೂಸನ್ನು ತನ್ನ ಹಳೆಯ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು. ಕೂಸು ಸುಮ್ಮನಾಗಿ ಅಲ್ಲೇ ನಿದ್ದೆಹೋಯಿತು. ಇನ್ನು ಅದನ್ನು ಎತ್ತುವ ಧೈರ್ಯ ಯಾರಿಗೂ ಇಲ್ಲ.

ಈಗಲಾದರೂ ನನ್ನ ಕುಂಚಿಗೆ ಮೇಲೆ ಬಂದೀತು ಅಂತ ಆಸೆ ಹುಟ್ಟಿತು. ಹೊಲಿಗೆ ಸ್ವಲ್ಪ ಬಿಚ್ಚಿದರೆ ಕೂಸಿಗೆ ಸಡಿಲಾಗುತ್ತದೆ. ಮೆಲ್ಲಗೆ ಗುಂಡಪ್ಪನ ಟೋಪಿಗೆ ಕೈ ಹಾಕಿದೆ. ಅಜ್ಜಿ ಕೈಗೆ ಪಟ್ಟನೆ ಹೊಡೆದಳು.

"ತೊಟ್ಟಿಲಾಗ ಮಲಗಿದಾವನ ಅರಿವಿ ಬಿಚ್ಚತಾರೇನ? ಆರತಿ ಹೊತ್ತಾತು, ಇದ್ದಾವನ್ನ ತೂಗ್ರಿ!"

ತೂಗಿದರು. ಜೋಗುಳವೆಲ್ಲ ಗುಂಡಪ್ಪನಿಗೇ ಆಯಿತು. ಆರತಿ ಆಯಿತು. ಓಣಿಯ ಹೆಂಗಸರೆಲ್ಲ ಸಾಲುಗಟ್ಟಿ ಬಂದು ತೊಟ್ಟಿಲ ಹಗ್ಗ ಜಗ್ಗಿ ಕೈಮುಗಿದರು. ಕಣ್ಣು ಕಾಣದ ಒಬ್ಬ ಮುದುಕಿ ತಡವುತ್ತ ಬಂದು, ನನ್ನ ಕುಂಚಿಗೆಯ ಮೇಲೆ ಕೈಯಾಡಿಸಿ, ಸ್ವಲ್ಪ ಎತ್ತಿ ನೋಡಿದಳು.

"ಮೈ ತುಂಬಿಕೊಂಡೈತಿ ಕೂಸು, ತೂಕ ಛಲೋ ಐತಿ. ಎಷ್ಟ ಶಾಣ್ಯಾ! ಒಟ್ಟ ಅಳಂಗಿಲ್ಲ. ಕುಂಚಿಗಿ ಮೆತ್ತಗಿದ್ದರ ಯಾಕ ಅಳತೈತಿ? ಯಾರ ಹೊಲದಿದ್ದವಾ ಇದನ್ನ?"

"ಅಕ್ಕಾರು! ಅಕ್ಕಾರು!" ಅಂತ ನಾಲ್ಕು ಕಡೆಯಿಂದ ಹೇಳಿದರು. ನಾನು ಕಣ್ಣು ಮುಚ್ಚಿದೆ. ತಂದೆ, ನಿನ್ನ ಲೀಲೆ ದೊಡ್ಡದು. ನೀನು ಕಲ್ಲಿನಲ್ಲೂ ಇದ್ದೀಯ ಅಂತ ದಿನಾ ಹೇಳುತ್ತಿದ್ದೆ, ಕುಂಚಿಗೆ ತೊಟ್ಟುಕೊಂಡು ನನಗೇ ತೋರಿಸಿಕೊಟ್ಟೆ.

ಕಣ್ಣು ತೆರೆದರೆ ವೈನಿ ತೊಟ್ಟಿಲ ಆ ಕಡೆಯಿಂದ ಬಗ್ಗಿ ಗುಂಡಪ್ಪನನ್ನೇ ದಿಟ್ಟಿಸುತ್ತಿದ್ದಾರೆ. ಹೋದ ವರ್ಷ ನಾನು ನೋಡಿದಂಥದೇ ನೋಟ. ಹೆಬ್ಬೆರಳು ಕಿರುಬೆರಳು ಚಾಚಿ ಗಾಳಿಯಲ್ಲೇ ಗೇಣು ಹಾಕುತ್ತಿದ್ದಾರೆ. ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದರು:

"ಅಕ್ಕಾರ, ಗುಂಡಪ್ಪನ ತಲಿ ಅಳತಿ ಎಷ್ಟ್ರಿ? ಮುಂದಿನ ವರ್ಷಕ್ಕ ನಾನೂ ಒಂದ ಹೊಲಿತೇನಿ."

ನಾನು ಸೆರಗಿನಿಂದ ಗುಂಡಪ್ಪನನ್ನು ಮೆಲ್ಲಗೆ ಮರೆಮಾಡಿ, ಹಗ್ಗ ಜಗ್ಗುತ್ತ ಹೇಳಿದೆ:

"ಬೆಳಿಯೂ ಕೂಸ್ರಿ ವೈನಿ. ಮುಂದಿನ ವರ್ಷದ ಅಳತಿ ಈಗ ಹೆಂಗ ಹೇಳ್ಲಿ?"